ಬಾಣಂತನಕ್ಕೆ ಹೋಗಿಬಂದವಳು

ಜ್ಯೋತ್ಸ್ನಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವಳ ಬಗ್ಗೆ ಏನಾದರೂ ಒಳ್ಳೆಯ ಮಾತು ಬಂದರೆ ಅದನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ ಎಂದುಕೊಳ್ಳಿ. ಕೆಟ್ಟ ಮಾತು ಬಂದರೆ ಅರ್ಧ ಕಳೆದು ನಂಬಿ.

ನಾನು ಅವಳ ಮನೆಯ ಮಹಡಿಯಲ್ಲಿ ಬಾಕ್ಸ್ ರೂಮ್ ಅನ್ನುವ ಚಿಕ್ಕ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಬಾಗಿಲು ಪೂರ್ತಿ ತೆರೆಯಬೇಕೆಂದರೆ ಮಂಚ ಇರಬಾರದು. ಮನೆ ಇರುವುದು ಡಬ್ಲಿನ್ ಅಂಚಿನ ಲೂಕನ್ನಿನಲ್ಲಿ. ನನ್ನ ಆಫೀಸು ವಿಮಾನ ನಿಲ್ದಾಣದ ಆಚೆಯ ಸ್ವೋರ್ಡ್ಸಿನಲ್ಲಿ. ಬೆಳಿಗ್ಗೆ ಒಂದು ಬಸ್ಸು ಹಿಡಿದು ಸಿಟಿಗೆ ಹೋಗಿ, ಅಲ್ಲಿಂದ ಇನ್ನೊಂದು ಹಿಡಿಯಬೇಕು. ಸಂಜೆ ಅದೇ ಉಲ್ಟಾ. ಇಷ್ಟು ಕಷ್ಟಪಟ್ಟು ಇಲ್ಲೇ ಯಾಕೆ ಇದ್ದೀಯ ಎಂದು ಆಫೀಸಿನವರು ಕೇಳುತ್ತಾರೆ. ಬೇರೆ ಯಾರೂ ಇಷ್ಟು ಕಡಿಮೆಗೆ ಕೋಣೆ ಕೊಡುವುದಿಲ್ಲ. ಅದೂ ಜ್ಯೋತ್ಸ್ನಾಳ ಉಪಕಾರವೇ, ಅದಕ್ಕೂ ನನಗೆ ಉರಿ.

ಜ್ಯೋತ್ಸ್ನಾ ಮೈಸೂರಿನ ಗೋಕುಲಂನವಳು. ನಾನು ಸರಸ್ವತಿಪುರಂನವಳು. ಅಲ್ಲಿದ್ದಾಗ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವಳ ತಂದೆಗೆ ಕೋರ್ಟಿನ ಎದುರು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇತ್ತು. ಓದಿನಲ್ಲಿ ಅವಳೇನು ಭಾರಿಯಲ್ಲ, ನಡುಬೆಂಚಿನ ಹುಡುಗಿ. ಹಾಡು ಕಲಿಯಲು ಹೋಗಿ ಬಿಟ್ಟಳು, ವೀಣೆ ಕಲಿಯಲು ಹೋಗಿ ಅದನ್ನೂ ಬಿಟ್ಟಳು. ಎಂಜಿನಿಯರಿಂಗ್ ಮುಗಿಸಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹಿಡಿದು, ಗುರುದತ್ತನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ನೋಡಲು ಸಾಧಾರಣ. ಅಡುಗೆ ಸಾಧಾರಣ. ಮೂಲಂಗಿ ಸಿಗದಿದ್ದರೆ ಇಲ್ಲಿಯ ಪಾರ್ಸ್ನಿಪ್ ಗೆಡ್ಡೆ ಹಾಕಿ ಹುಳಿ ಮಾಡುತ್ತಾಳೆ, ಅದು ಸಿಹಿಯಾಗಿ ಪಾಯಸದ ದೂರದ ನೆಂಟನಂತಿರುತ್ತದೆ. ಹೇಗಿದೆ ಎಂದು ನಮ್ಮನ್ನು ಕೇಳಿ, ನಾವು ಬಾಯಿ ತೆರೆಯುವ ಮೊದಲೇ ತಾನೇ, ಎಲ್ಲಕ್ಕೂ ಗ್ರ್ಯಾಂಡ್ ಅನ್ನುವ ಇಲ್ಲಿಯವರಂತೆ, 'ಗ್ರ್ಯಾಂಡ್ ಅಲ್ವಾ' ಅನ್ನುತ್ತಾಳೆ. ಆದರೆ ಅವಳಿಗೆ ಎಲ್ಲವೂ ಕೇಳದೆಯೇ ಸಿಗುತ್ತದೆ. ಬಾಡಿಗೆ ಏರಿಸದ ಮನೆಯೊಡೆಯ ಸಿಕ್ಕ. ಕಸದ ತೊಟ್ಟಿಯನ್ನು ನೆನಪಿನಿಂದ ಗೇಟಿನ ಹೊರಗಿಡುವ ಪಕ್ಕದ ಮನೆ ಅಜ್ಜಿ ಸಿಕ್ಕಳು. ಗಂಡನೂ ಪಾತ್ರೆ ತೊಳೆಯುತ್ತಾನೆ.

ನಾವಿಬ್ಬರೂ ಐರ್ಲೆಂಡಿಗೆ ಬಂದದ್ದು ಒಂದೇ ವರ್ಷ, ಕೋವಿಡ್ಡಿನ ಎರಡನೇ ಚಳಿಗಾಲದಲ್ಲಿ. ಬಂದ ದಾರಿ ಮಾತ್ರ ಬೇರೆ. ಗುರುದತ್ತನದು 'ಕ್ರಿಟಿಕಲ್ ಸ್ಕಿಲ್ಸ್' ಪರ್ಮಿಟ್. ನನ್ನದು ಕಸ್ಟಮರ್ ಸಪೋರ್ಟ್ ಕೆಲಸ, ಅದಕ್ಕೆ 'ಜನರಲ್' ಪರ್ಮಿಟ್. ರೈಲಿನಲ್ಲಿ ರಿಸರ್ವೇಶನ್ ಬೋಗಿಯೂ ಜನರಲ್ ಬೋಗಿಯೂ ಒಂದೇ ಊರಿಗೆ ಹೋಗುತ್ತವೆ, ಆದರೆ ಕೂತವರ ಪಾಡು ಬೇರೆ. ಅವರಿಗೆ ಎರಡೇ ವರ್ಷಕ್ಕೆ ಕಂಪನಿಯ ಹಂಗಿಲ್ಲದ ಸ್ಟ್ಯಾಂಪ್ ಫೋರ್ ಪರವಾನಗಿ ಬಂತು. ನನಗೆ ಅದಕ್ಕೆ ಐದು ವರ್ಷ ಕಾಯಬೇಕು. ಜ್ಯೋತ್ಸ್ನಾ ಗಂಡನ ಜೊತೆಯಲ್ಲೇ ವಿಮಾನ ಇಳಿದಳು. ನನ್ನ ಗಂಡ ಚಂದ್ರಕಾಂತ ಒಂದು ವರ್ಷ ಮೈಸೂರಿನಲ್ಲೇ ಕಾದು ಆಮೇಲೆ ಬಂದ. ಬಂದವನಿಗೆ ಕೆಲಸ ಮಾಡುವ ಹಕ್ಕೂ ಆಗ ಇರಲಿಲ್ಲ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯವಾಯಿತು. ಮೂರನೆಯ ವರ್ಷ ಇಬ್ಬರೂ ಒಟ್ಟಿಗೆ ಬಸುರಾದೆವು. ಹೆಂಗಸರೆಲ್ಲ ಸೇರಿ ಜ್ಯೋತ್ಸ್ನಾಳ ಮನೆಯಲ್ಲೇ ಇಬ್ಬರಿಗೂ ಸೀಮಂತ ಮಾಡಿದರು. ಒಂದೇ ಸೋಫಾದ ಮೇಲೆ ಅಕ್ಕಪಕ್ಕ ಕೂರಿಸಿ ಹಸಿರು ಬಳೆ ತೊಡಿಸಿದರು. ಆ ದಿನ ನನ್ನನ್ನು ತೋರಿಸಿ ಎಲ್ಲರೂ ಅಂದದ್ದು ಒಂದೇ ಮಾತು. ರಜನಿ ಪುಣ್ಯವಂತೆ, ಬಾಣಂತನಕ್ಕೆ ತವರಿಗೆ ಹೋಗ್ತಿದಾಳೆ. ಪಾಪ, ಜ್ಯೋತ್ಸ್ನಾ. ಅವಳ ತಾಯಿ ಕಾತ್ಯಾಯಿನಿಯವರಿಗೆ ವಿಸಿಟ್ ವೀಸಾ ಸಿಕ್ಕಿರಲಿಲ್ಲ, ಬಂದವರು ವಾಪಸ್ ಹೋಗುತ್ತಾರೆಂಬ ಭರವಸೆ ಇಲ್ಲವಂತೆ. ಅವಳೇ ಹೋಗೋಣವೆಂದರೆ ಅಲ್ಲಿ ಹಾಸಿಗೆ ಹಿಡಿದ ಅಜ್ಜಿ, ಅವರನ್ನು ನೋಡಿಕೊಳ್ಳುವುದರಲ್ಲೇ ತಾಯಿಗೆ ದಿನ ಹೋಗುತ್ತಿತ್ತು. ಆರತಿ ಮುಗಿದ ಮೇಲೆ ಜ್ಯೋತ್ಸ್ನಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರು ಕುಡಿಯಲು ಹೋದ ನಾನು ನೋಡಿದೆ. ಅಯ್ಯೋ ಅನ್ನಿಸಿತು, ಒಳಗೊಳಗೇ ಖುಷಿಯೂ ಆಯಿತು. ಸ್ಟ್ಯಾಂಪ್ ಫೋರ್ ಅವಳಿಗಿರಲಿ, ಅಮ್ಮನ ಕೈಯ ಬಾಣಂತನ ನನಗೆ ಎಂದುಕೊಂಡೆ.

ಏಳು ತುಂಬುತ್ತಿದ್ದಂತೆ ಹೊರಟೆ. ಸಂಪಾದನೆ ಇಲ್ಲದೆ ಇಲ್ಲಿ ಒಬ್ಬನೇ ಇದ್ದು ಏನು ಮಾಡುವುದೆಂದು ಚಂದ್ರಕಾಂತನೂ ಬಂದ. ಬಾಡಿಗೆ ಮನೆ ಬಿಟ್ಟುಕೊಟ್ಟು, ಸಾಮಾನನ್ನೆಲ್ಲ ಜ್ಯೋತ್ಸ್ನಾಳ ಶೆಡ್ಡಿನಲ್ಲಿ ತುಂಬಿ ವಿಮಾನ ಹತ್ತಿದೆವು.

ಇಲ್ಲಿ ಒಂದು ಕಾನೂನಿದೆ. ತಂದೆಯೋ ತಾಯಿಯೋ ಮೂರು ವರ್ಷ ಈ ದೇಶದಲ್ಲಿ ಪರವಾನಗಿ ಪಡೆದು ಬಾಳಿದ್ದರೆ, ಇಲ್ಲಿ ಹುಟ್ಟಿದ ಮಗು ಹುಟ್ಟುತ್ತಲೇ ಐರಿಶ್ ಪ್ರಜೆ. ನನ್ನ ಮೂರು ವರ್ಷ ಸೀಮಂತದ ಹೊತ್ತಿಗೇ ದಾಟಿತ್ತು. ಸೀಮಂತಕ್ಕೆ ಬಂದ ಒಬ್ಬರೂ ಈ ಮಾತು ಎತ್ತಲಿಲ್ಲ. ಮೊದಲ ಹೆರಿಗೆ ತವರಿನಲ್ಲಿ ಅನ್ನುವುದು ನಮಗೆ ಎಷ್ಟು ಸಹಜವೆಂದರೆ, ಅದರಲ್ಲಿ ಕೇಳುವುದೇನಿದೆ, ಹೇಳುವುದೇನಿದೆ. ಜ್ಯೋತ್ಸ್ನಾಳಿಗೂ ಈ ಕಾನೂನು ಗೊತ್ತಿರಲಿಲ್ಲ. ಅವಳೇನು ಜಾಣತನದಿಂದ ಇಲ್ಲಿ ಹೆತ್ತವಳಲ್ಲ, ಗತಿಯಿಲ್ಲದೆ ಹೆತ್ತಳು. ಹೆರಿಗೆಯಾದ ಮೇಲೆ ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟದ್ದು ಟೋಸ್ಟು ಮತ್ತು ಚಹಾ. ಎರಡು ವಾರದ ರಜೆ ಮುಗಿದು ಗುರುದತ್ತ ಕೆಲಸಕ್ಕೆ ಕೂತ ಮೇಲೆ ಮಗುವನ್ನೂ ಮನೆಯನ್ನೂ ಅವಳೊಬ್ಬಳೇ ನೋಡಿಕೊಂಡಳು. ಅವಳ ಮಗಳು ಮಾನ್ಯಾಗೆ ಮೂರು ತಿಂಗಳಿಗೆ ಕೆಂಪು ಪಾಸ್‌ಪೋರ್ಟ್ ಬಂತು. ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ ಆ ಫೋಟೋವನ್ನು ಅವಳು ಮೈಸೂರಿನಲ್ಲಿದ್ದ ನನಗೆ ಕಳಿಸಿದಳು. ನಾನು ಅಂಟಿನುಂಡೆ ತಿನ್ನುತ್ತಾ ನೋಡಿ, ಮುದ್ದಾಗಿದೆ ಎಂದು ಬರೆದೆ.

ನನ್ನ ಮಗಳು ನಿಸರ್ಗಾ ಹುಟ್ಟಿದ್ದು ಮಾನ್ಯಾಗಿಂತ ವಾರ ಮುಂಚೆ. ಅವಳನ್ನು ಐರ್ಲೆಂಡಿಗೆ ಕರೆತರಲು ವೀಸಾ ಬೇಕಿತ್ತು. ಅರ್ಜಿ ಹಾಕಿ ಕಾದೆವು. ನನ್ನ ರಜೆ ಮುಗಿಯುತ್ತಾ ಬಂತು, ವೀಸಾ ಬರಲಿಲ್ಲ. ನಾನು ಕೆಲಸ ಬಿಟ್ಟರೆ ಪರ್ಮಿಟ್ ಹೋಗುತ್ತದೆ, ಪರ್ಮಿಟ್ ಹೋದರೆ ವೀಸಾ ಕೇಳಲು ಮುಖವೇ ಇಲ್ಲ. ಇನ್ನೇನು ತಿಂಗಳೊಪ್ಪತ್ತಿನಲ್ಲಿ ಬರುತ್ತದೆ, ಅಪ್ಪ ಮಗಳು ಒಟ್ಟಿಗೆ ಬರಲಿ ಎಂದು ನಾನೊಬ್ಬಳೇ ಹೊರಟು ಬಂದೆ. ಆಗ ನಿಸರ್ಗಾಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಮನೆ ಹುಡುಕುವವರೆಗೆ ಇಲ್ಲೇ ಇರು ಎಂದು ಜ್ಯೋತ್ಸ್ನಾ ಬಾಕ್ಸ್ ರೂಮು ಕೊಟ್ಟಳು. ಕೆಳಗೆ ಮಾನ್ಯಾ ಅತ್ತರೆ ಮೇಲೆ ನನ್ನ ಅಂಗಿ ಒದ್ದೆಯಾಗುತ್ತಿತ್ತು. ಮಗು ಅಮ್ಮನ ಎದೆಗೆ ಬಾಯಿ ಹಾಕಿ ಸುಮ್ಮನಾಗುವ ಸದ್ದು ಮರದ ನೆಲದ ಮೂಲಕ ಕೇಳುತ್ತಿತ್ತು. ಹೊಟ್ಟೆಕಿಚ್ಚು ಅಂತ ಸುಮ್ಮನೆ ಅನ್ನುತ್ತೇವೆ. ನನಗೆ ಅದು ಎದೆಯಲ್ಲಿ, ನಿಜವಾದ ನೋವಾಗಿ, ಗಟ್ಟಿಕಟ್ಟಿಕೊಂಡಿತ್ತು.

ಅರ್ಜಿ ತಿರಸ್ಕಾರವಾಯಿತು. ನನ್ನ ಸಂಬಳದಲ್ಲಿ ಮೂರು ಜನರ ಸಂಸಾರ ನಡೆಯುವುದಿಲ್ಲವಂತೆ. ಮೇಲ್ಮನವಿಯೂ ಹೋಯಿತು. ಚಂದ್ರಕಾಂತ ಮಗುವಿನ ಜೊತೆ ನಮ್ಮಮ್ಮನ ಮನೆಯಲ್ಲೇ ಉಳಿದ. ಕಳೆದ ಚಳಿಗಾಲದ ಹೊತ್ತಿಗೆ ಕುಟುಂಬ ಕರೆಸಿಕೊಳ್ಳುವ ನಿಯಮಗಳು ಇನ್ನೂ ಬಿಗಿಯಾದವು. ಸಂಬಳವೂ ಸಾಕಷ್ಟಿರಬೇಕು, ತಕ್ಕ ಮನೆಯೂ ಇರಬೇಕು. ಬಾಕ್ಸ್ ರೂಮಿನಲ್ಲಿದ್ದರೆ ಮನೆ ಇಲ್ಲ ಅನ್ನುತ್ತಾರೆ. ಮನೆ ಹಿಡಿದರೆ ಬಾಡಿಗೆ ಕಟ್ಟಿ ಉಳಿದ ಸಂಬಳ ಸಾಲದು ಅನ್ನುತ್ತಾರೆ. ಐದು ವರ್ಷ ಆಗಲಿ, ಸ್ಟ್ಯಾಂಪ್ ಫೋರ್ ಬಂದ ಮೇಲೆ ಮತ್ತೆ ಹಾಕಿ ಎಂದು ವಕೀಲರು ಹೇಳಿದರು. ಆದರೆ ಬಾಣಂತನಕ್ಕೆ ಹೋದ ಆ ತಿಂಗಳುಗಳು ಐದು ವರ್ಷದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅದೂ ಮುಂದಕ್ಕೆ ಹೋಯಿತು.

ಒಂದು ಬೆಳಿಗ್ಗೆ ಅಡುಗೆಮನೆಯ ರೇಡಿಯೋದಲ್ಲಿ, ದೇಶಕ್ಕೆ ಬರುವವರು ಕಡಿಮೆಯಾಗಿದ್ದಾರೆ, ಬಂದವರಿಂದ ಹೋದವರನ್ನು ಕಳೆದರೆ ಉಳಿಯುವ ಸಂಖ್ಯೆ ಇಳಿದಿದೆ ಎಂದು ಹೇಳಿದರು. ಗುರುದತ್ತ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ಒಳ್ಳೇದೇ ಆಯ್ತು ಬಿಡಿ, ಇನ್ನಾದ್ರೂ ಬಾಡಿಗೆ ಇಳಿಯುತ್ತೆ" ಅಂದ. ಅವನು ಕೆಟ್ಟವನಲ್ಲ. ಆ ಇಳಿದ ಸಂಖ್ಯೆಯಲ್ಲಿ ಒಂದು ನನ್ನ ಮಗಳು ಅನ್ನುವುದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ಕೂಟದಲ್ಲೂ ಅದು ಕಾಣುತ್ತಿತ್ತು. ರಾಜ್ಯೋತ್ಸವದ ದಿನ ಆ ವರ್ಷ ಹೊಸದಾಗಿ ಬಂದವರನ್ನು ವೇದಿಕೆಗೆ ಕರೆದು ಹೂ ಕೊಡುವುದು ನಮ್ಮ ಪದ್ಧತಿ. ನಾವು ಬಂದಾಗ ವೇದಿಕೆ ತುಂಬಿ, ಕೆಲವರು ಮೆಟ್ಟಿಲ ಮೇಲೆ ನಿಂತಿದ್ದೆವು. ಈ ಸಲ ಇಬ್ಬರು ಹುಡುಗರು ಬಂದು ನಾಚಿಕೊಂಡು ಹೂ ಇಸಕೊಂಡು ಇಳಿದರು. ತಂದಿದ್ದ ಹೂ ಉಳಿದು, ಕೊನೆಗೆ ಅಡುಗೆ ಮಾಡಿದವರಿಗೆ ಹಂಚಿದರು.

ಇಂಥ ಮನೆಯಲ್ಲಿ ಮಾನ್ಯಾ ದಿನಾ ಕಣ್ಣೆದುರಿಗೆ ಬೆಳೆಯುತ್ತಿದ್ದಳು. ಮೊದಲು ಮಗುಚಿದಳು, ಆಮೇಲೆ ಅಂಬೆಗಾಲಿಟ್ಟಳು. ಪ್ಲೇಸ್ಕೂಲಿನಿಂದ ಬಂದು ಜ್ಯೋತ್ಸ್ನಾಳನ್ನು ಈ ಊರಿನ ಮಕ್ಕಳಂತೆಯೇ 'ಮ್ಯಾಮಿ' ಎಂದು ಎಳೆದು ಕರೆಯುತ್ತಿದ್ದಳು. ನನ್ನ ಕೈಯಲ್ಲಿದ್ದದ್ದು ಏನು? ಬಾಣಂತನ ಒಂದೇ. ಜ್ಯೋತ್ಸ್ನಾಳಿಗಿಲ್ಲದ್ದು, ನನಗೆ ಸಿಕ್ಕಿದ್ದು ಅದೊಂದೇ. ಅದನ್ನೇ ಹಿಡಿದು ಜಗ್ಗಿದೆ. ಸಂಜೆ ಬಟ್ಟೆ ಮಡಿಸುತ್ತಾ ಕೂತಾಗ ಶುರುಮಾಡುತ್ತಿದ್ದೆ. ಅಮ್ಮ ಹೇಗೆ ನನ್ನ ತಲೆಗೆ ಎಣ್ಣೆ ತಟ್ಟಿ ಹಂಡೆಗಟ್ಟಲೆ ಬಿಸಿನೀರು ಹಾಕುತ್ತಿದ್ದಳು, ಹೊಟ್ಟೆಗೆ ಹೇಗೆ ಹಳೇ ಸೀರೆ ಬಿಗಿಯುತ್ತಿದ್ದಳು, ಮೆಣಸಿನ ಸಾರಿನಲ್ಲಿ ಬೆಳ್ಳುಳ್ಳಿ ಎಷ್ಟು, ಅನ್ನಕ್ಕೆ ತುಪ್ಪ ಎಷ್ಟು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ಸಾಂಬ್ರಾಣಿ ಹೊಗೆ ಕೊಟ್ಟು, ಬಜೆ ತೇಯ್ದು ನಾಲಿಗೆಗೆ ಮುಟ್ಟಿಸಿ ಮಲಗಿಸಿದರೆ ಮೂರು ಗಂಟೆ ಮಿಸುಕುತ್ತಿರಲಿಲ್ಲ ಅನ್ನುತ್ತಿದ್ದೆ. ಪ್ರತಿ ಸಲವೂ ತುಪ್ಪ ಒಂದು ಚಮಚ ಜಾಸ್ತಿಯಾಗುತ್ತಿತ್ತು.

ಜ್ಯೋತ್ಸ್ನಾ ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ಕೇಳುತ್ತಿದ್ದಳು. "ನಿನ್ನ ಪುಣ್ಯ ಕಣೇ" ಅನ್ನುತ್ತಿದ್ದಳು. ಒಮ್ಮೆ, "ಬೆನ್ನುನೋವು ಬಂದಾಗಲೆಲ್ಲ ಅನ್ಸುತ್ತೆ, ಯಾರಾದ್ರೂ ಎಣ್ಣೆ ತಿಕ್ಕಿ ನೀರು ಹಾಕಿದ್ರೆ ಹೀಗಾಗ್ತಿರಲಿಲ್ಲ ಅಂತ" ಅಂದಳು. ಅಂಥ ಮಾತು ಕೇಳಿದಾಗ ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಮಾರನೆಯ ದಿನ ಇನ್ನೊಂದಿಷ್ಟು ಸೇರಿಸಿ ಹೇಳುತ್ತಿದ್ದೆ.

ಜನವರಿಯಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅವಳು ನಿಧಾನವಾಗಿ ವಿಷಯ ತೆಗೆದಳು. ಅವಳಿಗೆ ಮತ್ತೆ ನಾಲ್ಕು ತಿಂಗಳಾಗಿತ್ತು, ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇದು.

"ಈ ಸಲ ನಾನೂ ಮೈಸೂರಿಗೆ ಹೋಗ್ತೀನಿ. ಅಜ್ಜಿ ಹೋದ್ಮೇಲೆ ಅಮ್ಮ ಫ್ರೀ ಆಗಿದಾಳೆ. ಅವಳ ವೀಸಾ ಎರಡನೇ ಸಲಾನೂ ರಿಜೆಕ್ಟ್ ಆಯ್ತಲ್ಲ, ಅವಳು ಬರಕ್ಕಾಗಲ್ಲ ಅಂದ್ರೆ ನಾನೇ ಹೋಗ್ತೀನಿ. ಏಪ್ರಿಲಿಗೆ ಟಿಕೆಟ್ ನೋಡಿದೀವಿ."

"ನೀವು ಹೇಳೋದು ಕೇಳಿ ಕೇಳಿ ಇವಳಿಗೆ ಹುಚ್ಚು ಹಿಡಿದುಬಿಟ್ಟಿದೆ" ಎಂದು ಗುರುದತ್ತ ನಕ್ಕ.

ನಾನು ತುತ್ತು ಅಗಿಯುತ್ತಾ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವರು ಪೌರತ್ವಕ್ಕೆ ಅರ್ಜಿ ಹಾಕಿದ್ದರು, ಆದರೆ ಅದು ಬರಲು ಇನ್ನೂ ಸಮಯವಿತ್ತು. ಅದಕ್ಕೆ ಮೊದಲು ಮಗು ಮೈಸೂರಿನಲ್ಲಿ ಹುಟ್ಟಿದರೆ ಅದಕ್ಕೂ ವೀಸಾ ಬೇಕು. ಮಾನ್ಯಾ ಪಾಸ್‌ಪೋರ್ಟ್ ಹಿಡಿದು ಒಂದು ಸಾಲಿನಲ್ಲಿ, ತಮ್ಮನೋ ತಂಗಿಯೋ ಅರ್ಜಿ ಹಿಡಿದು ಇನ್ನೊಂದು ಸಾಲಿನಲ್ಲಿ. ಈ ನಿಯಮ ನನ್ನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಹೋಗಲಿ ಅನ್ನಿಸಿತು. ಹೋಗಿ ತುಪ್ಪ ತಿಂದು ಬರಲಿ. ಅವಳೂ ಒಂದು ವರ್ಷ ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಮಗುವಿನ ಕೆನ್ನೆ ಸವರಲಿ. ಸಾರು ಬಡಿಸಿಕೊಳ್ಳುವಾಗ ನನಗೆ ಹಸಿವು ಜಾಸ್ತಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಮಾರನೆಯ ದಿನ ಬಸ್ಸಿನಲ್ಲಿ ಕೂತು ಅದನ್ನೇ ನೆನೆಸಿಕೊಂಡು ಸಂತೋಷಪಡಲು ನೋಡಿದೆ. ಆಗಲಿಲ್ಲ. ಜ್ಯೋತ್ಸ್ನಾಳನ್ನು ಮನಸ್ಸಿನಲ್ಲಿ ಎಷ್ಟು ಬೇಕಾದರೂ ಅಳಿಸಬಲ್ಲೆ, ಅದರಲ್ಲಿ ನನಗೆ ಅಭ್ಯಾಸವಿದೆ. ಆದರೆ ಆ ಹೊಟ್ಟೆಯೊಳಗಿನದು ನನಗೇನು ಮಾಡಿತ್ತು? ನಾನು ಬಿಟ್ಟು ಹೊರಟ ದಿನ ನಿಸರ್ಗಾ ನನ್ನ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬೆರಳನ್ನು ಒಂದೊಂದಾಗಿ ಬಿಡಿಸಿದ್ದು ನಾನೇ. ಸಂಜೆ ಮನೆಗೆ ಬಂದವಳು ಶೂ ಕಳಚುವ ಮೊದಲೇ ಹೇಳಿದೆ.

"ಜ್ಯೋತ್ಸ್ನಾ, ಹೋಗ್ಬೇಡ. ಸಿಟಿಜನ್‌ಶಿಪ್ ಬರೋ ಮುಂಚೆ ಅಲ್ಲಿ ಹೆತ್ರೆ ಮಗು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ನನಗೆ ಆಗಿದ್ದೇ ನಿನಗೂ ಆಗುತ್ತೆ."

ಅವಳು ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಗುರು ವಿಚಾರಿಸಿದಾನೆ. ನಿನ್ನದು ಜನರಲ್ ಪರ್ಮಿಟ್, ನಮ್ಮದು ಹಾಗಲ್ಲ. ನಮಗೆ ಬೇಗ ಆಗುತ್ತಂತೆ."

"ಬೇಗ ಅಂದ್ರೆ ಎಷ್ಟು? ನನಗೂ ಬೇಗ ಅಂತಲೇ ಹೇಳಿದ್ರು."

"ನಿನಗೆ ಸಂಬಳ ಸಾಲದು ಅಂತ ತಾನೇ ರಿಜೆಕ್ಟ್ ಆಗಿದ್ದು. ನಮಗೆ ಆ ಪ್ರಾಬ್ಲಮ್ ಇಲ್ಲ."

ಅವಳು ನೋಯಿಸಲೆಂದು ಅಂದದ್ದಲ್ಲ, ಇದ್ದದ್ದನ್ನು ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಆಗಲಿ, ಹೋಗು. ಆಮೇಲೆ ನನ್ನ ಹತ್ರ ಬಂದು ಅಳಬೇಡ" ಅಂದುಬಿಟ್ಟೆ.

ಆಗ ಅವಳು ಬಟಾಣಿ ಬಟ್ಟಲು ಬದಿಗಿಟ್ಟು ನನ್ನನ್ನು ನೋಡಿದಳು. "ರಜನಿ, ಒಂದು ಹೇಳ್ಲಾ? ಬೇಜಾರು ಮಾಡ್ಕೋಬೇಡ. ನಾನು ಅಮ್ಮನ ಹತ್ರ ಹೋಗೋದು ನಿನಗೆ ತಡ್ಕೊಳ್ಳಕ್ಕಾಗ್ತಿಲ್ಲ. ನನ್ನದು ಏನು ಕಂಡ್ರೂ ನಿನಗೆ ಹಾಗೇ ಆಗುತ್ತೆ. ನನಗೆ ಗೊತ್ತು. ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ದೆ."

ಅವಳು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಹೊಟ್ಟೆಕಿಚ್ಚು ಪಟ್ಟವಳು ಒಂದೇ ಒಂದು ದಿನ ಅದಿಲ್ಲದೆ ಮಾತಾಡಿದರೆ ಯಾರು ನಂಬುತ್ತಾರೆ? ಮೇಲೆ ಹೋಗಿ ಮಂಚದ ಮೇಲೆ ಕೂತೆ. ಮೂರು ದಿನ ನಮ್ಮಿಬ್ಬರಿಗೆ ಮಾತಿರಲಿಲ್ಲ. ಗುರುದತ್ತ ಮಾತ್ರ ನಡುವೆ ನಿಂತು, ಹುಳಿ ಬೇಕಾ, ಮೊಸರು ಬೇಕಾ ಎಂದು ಕೇಳುತ್ತಿದ್ದ.

ಶನಿವಾರ ಬೆಳಿಗ್ಗೆ ನಾನು ಮೈಸೂರಿಗೆ ವಿಡಿಯೋ ಕಾಲ್ ಮಾಡುವ ಹೊತ್ತು. ಈ ಕರೆಯನ್ನು ನಾನು ಯಾವತ್ತೂ ಬಾಗಿಲು ಹಾಕಿಕೊಂಡೇ ಮಾಡುವುದು. ಮುಗಿಸಿ ಕೆಳಗೆ ಬಂದು, ನಿಸರ್ಗಾ ಇವತ್ತು ಹೀಗೆ ಮಾಡಿದಳು, ಹಾಗೆ ಕುಣಿದಳು ಎಂದು ಹೇಳುವುದು. ಅದರಲ್ಲೂ ತುಪ್ಪದ ಹಾಗೆ ಒಂದಿಷ್ಟು ಸೇರಿಸುತ್ತಿದ್ದೆ. ಆ ದಿನ ಫೋನು ಹಿಡಿದು ಕೆಳಗಿಳಿದೆ. ಜ್ಯೋತ್ಸ್ನಾ ಸೋಫಾದ ಮೇಲೆ ಕಾಲು ಮೇಲಿಟ್ಟುಕೊಂಡು ಮಲಗಿದ್ದಳು. ಮಾನ್ಯಾಳನ್ನು ಕರೆದುಕೊಂಡು ಗುರುದತ್ತ ಪಾರ್ಕಿಗೆ ಹೋಗಿದ್ದ. ನಾನು ಅವಳ ಪಕ್ಕ ಕೂತು, ಅವಳಿಗೂ ಕಾಣುವ ಹಾಗೆ ಫೋನು ಹಿಡಿದು ಕಾಲ್ ಹಚ್ಚಿದೆ.

ಅಲ್ಲಿ ಊಟ ಮುಗಿದಿತ್ತು. ಚಂದ್ರಕಾಂತ ನಿಸರ್ಗಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವಳ ಕೈಯಲ್ಲಿ ಒಂದು ಸೌಟು. "ನೋಡು ಪುಟ್ಟಿ, ಯಾರು ಬಂದ್ರು? ಅಮ್ಮ" ಅಂದ.

ನಿಸರ್ಗಾ ಪರದೆಯನ್ನು ನೋಡಿದಳು. ನನ್ನ ಮುಖ ಕಂಡ ಕೂಡಲೇ ಸೌಟು ಇದ್ದ ಕೈಯನ್ನೇ ಎತ್ತಿ ಟಾಟಾ ಮಾಡಿದಳು. ಬಹಳ ಚೆನ್ನಾಗಿ, ಮನಸ್ಸಿಟ್ಟು, ಕೈ ತಿರುಗಿಸಿ ತಿರುಗಿಸಿ ಮಾಡಿದಳು. ಆಮೇಲೆ ಕೆಲಸ ಮುಗಿಯಿತೆಂಬಂತೆ ತೊಡೆಯಿಂದ ಇಳಿದು ಹೊರಟುಹೋದಳು. ಒಳಗಿನಿಂದ ಸೌಟು ಬಡಿಯುವ ಸದ್ದು ಕೇಳಿತು. ಚಂದ್ರಕಾಂತ ಅವಳನ್ನು ಹಿಡಿದು ತರಲು ಎದ್ದ. ನಾನು, "ಬಿಡು, ಆಡ್ಲಿ" ಅಂದೆ. ಅವನ ಜೊತೆ ಎರಡು ಮಾತಾಡಿ ಫೋನು ಇಟ್ಟೆ.

"ಬಂದ ತಕ್ಷಣ ಯಾಕೆ ಟಾಟಾ ಮಾಡಿದ್ಲು?" ಜ್ಯೋತ್ಸ್ನಾ ಕೇಳಿದಳು.

"ಚಿಕ್ಕವಳಿದ್ದಾಗಿಂದ ಕಾಲ್ ಮುಗಿಸುವಾಗಲೆಲ್ಲ, ಅಮ್ಮಂಗೆ ಟಾಟಾ ಮಾಡು, ಟಾಟಾ ಮಾಡು ಅಂತ ಹೇಳ್ಕೊಟ್ವಿ. ಅಮ್ಮ ಕಂಡ್ರೆ ಮಾಡೋದು ಅದೊಂದೇ ಅಂತ ತಿಳ್ಕೊಂಡಿದಾಳೆ. ಪ್ರತಿ ವಾರಾನೂ ಹೀಗೇ."

"ಕುಣಿದ್ಲು ಅಂದಿದ್ಯಲ್ಲ, ಹೋದ ವಾರ."

"ಕುಣಿದಿರಬಹುದು. ನಾನು ನೋಡಿಲ್ಲ."

ಗುರುದತ್ತ ಬಂದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದರು. ಸಂಜೆಯ ಹೊತ್ತಿಗೆ ಏಪ್ರಿಲ್ ಟಿಕೆಟ್ಟಿನ ಮಾತು ನಿಂತಿತ್ತು. ಮಗು ಇಲ್ಲೇ ಹುಟ್ಟಲಿ, ಪೌರತ್ವ ಬಂದ ಮೇಲೆ ಎಲ್ಲರೂ ಒಟ್ಟಿಗೆ ಅಮ್ಮನನ್ನು ನೋಡಲು ಹೋಗೋಣ ಎಂದು ತೀರ್ಮಾನವಾಯಿತು. ಅಂದರೆ ಎರಡನೆಯದೂ ಹುಟ್ಟುತ್ತಲೇ ಪಾಸ್‌ಪೋರ್ಟಿನ ಮಗು. ಅದನ್ನು ಗಟ್ಟಿಮಾಡಿದವಳು ನಾನೇ. ನನಗೆ ನನ್ನ ಮೇಲೇ ಸಿಟ್ಟು ಬಂತು. ಒಳ್ಳೆಯ ಕೆಲಸ ಮಾಡಿದರೆ ಮನಸ್ಸಿಗೆ ತಂಪು ಅನ್ನುತ್ತಾರಲ್ಲ, ನನಗೆ ಒಂದು ಚಮಚದಷ್ಟೂ ತಂಪಾಗಲಿಲ್ಲ.

ಭಾನುವಾರ ಮಧ್ಯಾಹ್ನ ಜ್ಯೋತ್ಸ್ನಾ ನನ್ನ ಹತ್ತಿರ ಬಂದು ಕೂತಳು. ಏನೋ ಕೇಳಬೇಕೆಂದಿರುವಾಗ ಅವಳು ದುಪಟ್ಟಾದ ತುದಿ ಸುತ್ತುತ್ತಾಳೆ.

"ಇಲ್ಲೇ ಇರ್ತೀನಿ ಅಂತಾಯ್ತಲ್ಲ. ಬಾಣಂತನ ನೀನು ಮಾಡ್ತೀಯಾ? ಮೆಣಸಿನ ಸಾರು, ಅದೂ ಇದೂ ಹೆಂಗೋ ಮಾಡ್ಕೋತೀನಿ. ಮಗೂಗೆ ಎರೆಯೋದು ಮಾತ್ರ ನಿಮ್ಮಮ್ಮನ ಥರ ಮಾಡ್ಬೇಕು ಅಂತ ಆಸೆ. ನೀನು ಎರೆದ ಹಾಗೆ."

ನಾನು ಅವಳ ಮುಖ ನೋಡಿದೆ. ಅವಳು ಕುಹಕವಾಡುತ್ತಿರಲಿಲ್ಲ.

"ನನಗೆ ಎರೆಯಕ್ಕೆ ಬರಲ್ಲ" ಅಂದೆ.

"ಅಂದ್ರೆ?"

"ನಾನು ಬಾಣಂತಿ. ಕಿವಿಗೆ ಹತ್ತಿ ಇಟ್ಕೊಂಡು ಕೋಣೇಲಿ ಮಲಗಿರ್ತಿದ್ದೆ. ಎರೀತಿದ್ದಿದ್ದು ಅಮ್ಮ. ಒಂದಿನ ನಾನು ಎರೀತೀನಿ ಅಂತ ಎದ್ದೆ. ಬಾಣಂತಿ ನೀರು ಮುಟ್ಟಬಾರದು, ಮಲಕ್ಕೋ ಹೋಗು, ಮುಂದೆ ಜೀವಮಾನ ಪೂರ್ತಿ ನೀನೇ ತಾನೇ ಎರೆಯೋದು ಅಂದ್ಲು. ನಾನೂ ಹೌದಲ್ಲ ಅಂತ ಮಲಗಿದೆ." ಅಲ್ಲಿಗೆ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. "ನನ್ನ ಮಗೂಗೆ ನಾನು ಒಂದಿನಾನೂ ನೀರು ಹಾಕಿಲ್ಲ, ಜ್ಯೋತ್ಸ್ನಾ."

ಅವಳು ದುಪಟ್ಟಾ ಬಿಟ್ಟಳು.

"ಮಾನ್ಯಾಗೆ ನಾನೇ ಎರೆದೆ" ಅಂದಳು ಮೆಲ್ಲಗೆ. "ಮೊದಲ ದಿನದಿಂದ. ಇಲ್ಲಿ ಬಚ್ಚಲಲ್ಲಿ ಕೆಳಗೆ ಕೂರಕ್ಕೆ ಜಾಗ ಎಲ್ಲಿದೆ? ಟಬ್ ಒಳಗೆ ಇಳಿದು, ಕಾಲು ಚಾಚಿ ಕೂತು, ಫೋನಲ್ಲಿ ಅಮ್ಮ ಹೇಳ್ತಾ ಇದ್ದ ಹಾಗೆ ಮಾಡ್ದೆ. ಹೊಲಿಗೆ ಎಲ್ಲ ನೋಯ್ತಿತ್ತು. ಜಾರಿಬಿಡುತ್ತೆ ಅಂತ ಭಯ, ನಾನೂ ಅಳ್ತಿದ್ದೆ, ಅವಳೂ ಅಳ್ತಿದ್ಲು. ಎರೆಯೋದು ಅಂದ್ರೆ ನಿಮ್ಮಮ್ಮ ಮಾಡಿದ್ದು, ನನ್ನದು ಸುಮ್ನೆ ನೀರು ಹಾಕಿದ್ದು ಅಂದ್ಕೊಂಡಿದ್ದೆ." ಆಮೇಲೆ ಸೋಫಾದ ಮೇಲೆ ಹಿಂದಕ್ಕೆ ಸರಿದು ಎರಡೂ ಕಾಲು ನನ್ನ ಕಡೆಗೆ ನೀಡಿದಳು. "ನೋಡು, ಹೀಗೆ. ಕಾಲು ಎರಡೂ ಸೇರಿಸ್ಬೇಕು. ಮಗು ತಲೆ ಪಾದದ ಕಡೆ. ಎಡಗೈ ಹೀಗೆ ಕುತ್ತಿಗೆ ಕೆಳಗೆ. ನೀನು ಕಲ್ತುಕೋ. ನಿಸರ್ಗಾ ಬಂದಾಗ ಬೇಕಾಗುತ್ತೆ."

"ಅವಳು ಬರೋ ಹೊತ್ತಿಗೆ ಕಾಲ ಮೇಲೆ ಹಿಡಿಸಲ್ಲ" ಅಂದೆ.

ಅವಳು ಕಾಲನ್ನು ಹಾಗೇ ಚಾಚಿಕೊಂಡು ಕೂತಿದ್ದಳು. ಬಸುರಿಗೆ ಪಾದ ಊದಿತ್ತು, ಕಾಲ್ಚೀಲದ ಗುರುತು ಕೆಂಪಗೆ ಮೂಡಿತ್ತು. ಅವಳ ಪರವಾನಗಿ, ಅವಳ ಮನೆ, ಪಾತ್ರೆ ತೊಳೆಯುವ ಗಂಡ, ಕೆಂಪು ಪಾಸ್‌ಪೋರ್ಟು, ಎಲ್ಲವನ್ನೂ ಕಂಡು ಇಷ್ಟು ವರ್ಷ ಉರಿದಿದ್ದೇನೆ. ಆ ಊದಿದ ಎರಡು ಕಾಲುಗಳನ್ನು ಕಂಡು ಆದಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ.